ಬಟ್ಟೆ ಹೇಗೋ ಹೊಲಿಗೆ ಹಾಗೆ



ಓದುವುದಕ್ಕೆ ಮೊದಲು ಒಂದು ಚಿಕ್ಕ ಪ್ರಯೋಗ ಮಾಡೋಣ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ನಿಮ್ಮ ಎಡಗೈಯ ಹಿಂಬದಿಯ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ, ಬಿಟ್ಟುಬಿಡಿ. ಏನಾಯಿತು? ರೆಪ್ಪೆ ಬಡಿಯುವುದರೊಳಗೆ ಚರ್ಮ ಮೊದಲಿನಂತೆ ಕುಳಿತಿತು. ಇಂದು ಸಂಜೆ ನಿಮ್ಮ ಅಜ್ಜಿಯನ್ನು ಕೇಳಿಕೊಂಡು ಅವರ ಕೈಯ ಮೇಲೂ ಹೀಗೆಯೇ ಮಾಡಿ ನೋಡಿ. ಎತ್ತಿದ ಚರ್ಮ ಒಂದೆರಡು ಕ್ಷಣ ಸಣ್ಣ ಗುಡಾರದಂತೆ ನಿಂತು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಈ ಎರಡು ಕೈಗಳ ನಡುವಣ ವ್ಯತ್ಯಾಸವೇ ನನ್ನ ಇಂದಿನ ಮಾತಿನ ವಿಷಯ.

ನಾನು ವಿಜ್ಞಾನದ ಪದವಿ ಪಡೆದು ಕಿರುತೆರೆಯ ಕೆಲಸಕ್ಕೆ ಬಂದವಳು. ದಿನವೂ ಹತ್ತಾರು ಮುಖಗಳನ್ನು ಕ್ಯಾಮೆರಾದ ಮೂಲಕ ಬಹಳ ಹತ್ತಿರದಿಂದ ನೋಡುತ್ತೇನೆ. ಆದರೂ ಮುಖದ ಚರ್ಮದ ಬಗ್ಗೆ ಕುಳಿತು ಓದುವಂತೆ ಮಾಡಿದವಳು ಸಂತೆಮರಹಳ್ಳಿಯ ಒಬ್ಬ ವಿದ್ಯಾರ್ಥಿನಿ. ಚಾಮರಾಜನಗರ ಜಿಲ್ಲೆಯ ಈ ಊರಿನ ಹೆಸರನ್ನು ನಿಮ್ಮ ಹಿರಿಯರು 2004ರ ವಿಧಾನಸಭಾ ಚುನಾವಣೆಯ ನೆಪದಲ್ಲಿ ಕೇಳಿರಬಹುದು. ಆಗ ಸಂತೆಮರಹಳ್ಳಿಯೇ ಒಂದು ಕ್ಷೇತ್ರವಾಗಿತ್ತು. ಗೆದ್ದವರಿಗೆ 40,752 ಮತ, ಸೋತವರಿಗೆ 40,751. ಒಂದೇ ಒಂದು ಮತ! ಕೂದಲೆಳೆಯ ಅಂತರ ಎಂದರೇನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳಹೊರಟಿರುವುದೂ ಅಂಥ ಅಂತರಗಳ ಕಥೆಯೇ. ಅರ್ಧ ಮಿಲಿಮೀಟರು, ಒಂದು ಮಿಲಿಮೀಟರು, ಅಷ್ಟೇ.

ಚಿತ್ರೀಕರಣ ಮುಗಿಸಿ ಅಲ್ಲಿನ ವಿದ್ಯಾರ್ಥಿಗಳ ಜೊತೆ ಮಾತಿಗೆ ಕುಳಿತಾಗ ಆ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ಟೀವೀಲಿ ಬರೋ ದೊಡ್ಡವ್ರ ಮೊಕ ಯಾಕ ಸುಕ್ಕಾಗಲ್ಲ? ಅವ್ರೆಲ್ಲ ಆಪರೇಸನ್ ಮಾಡಿಸ್ಕಂಡಿರ್ತಾರಾ? ನಮ್ಮಜ್ಜಿಗೂ ಮಾಡಿಸಿದ್ರ ಹಂಗೇ ಆಯ್ತದಾ?"

ಎಲ್ಲರೂ ನಕ್ಕರು. ಬಣ್ಣ ಮತ್ತು ಬೆಳಕಿನ ಚಮತ್ಕಾರದ ಬಗ್ಗೆ ನಾಲ್ಕು ಮಾತು ಹೇಳಿ ನಾನು ಪಾರಾದೆ. ಆದರೆ ಅವಳ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಒಂದೇ ಶಸ್ತ್ರಚಿಕಿತ್ಸೆ ಇಬ್ಬರ ಮುಖದಲ್ಲಿ ಒಂದೇ ಫಲ ಕೊಡುತ್ತದೆಯೆ? ಇಲ್ಲ. ಏಕೆ ಇಲ್ಲ ಎಂಬುದನ್ನು ಈಗ ನೋಡೋಣ.

ಟೈಲರ್ ಕೇಳುವ ಮೊದಲ ಪ್ರಶ್ನೆ

ಸಂತೆಮರಹಳ್ಳಿಯ ಸುತ್ತಮುತ್ತಲಿನದು ರೇಷ್ಮೆಯ ಸೀಮೆ. ಪಕ್ಕದ ಕೊಳ್ಳೇಗಾಲದ ಹೆಸರು ಹೇಳಿದರೆ ರೇಷ್ಮೆ ನೆನಪಾಗುತ್ತದೆ. ಅಲ್ಲಿನ ಯಾವ ಟೈಲರ್ ಬಳಿ ಹೋದರೂ ಅಳತೆಗೆ ಮೊದಲು ಅವರು ಬಟ್ಟೆಯನ್ನು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಾರೆ. ತೆಳು ರೇಷ್ಮೆಯಾದರೆ ಸಣ್ಣ ನೆರಿಗೆಗೂ ಬಾಗುತ್ತದೆ. ಆದರೆ ಒಳಗಿನ ಗಂಟೆಲ್ಲ ಹೊರಗೆ ಕಾಣುತ್ತದೆ, ಬಿಗಿ ಹಿಡಿದರೆ ಹೊಲಿಗೆಯ ಬಳಿ ಪಿಸಿಯುತ್ತದೆ. ಕಂಬಳಿಯಾದರೆ ಒಳಗಿನದನ್ನೆಲ್ಲ ಮುಚ್ಚಿಬಿಡುತ್ತದೆ. ಆದರೆ ಅದು ಭಾರ, ನವಿರಾದ ಮಡಿಕೆಗೆ ಒಗ್ಗುವುದಿಲ್ಲ. ಅಳತೆ ಒಂದೇ, ಕತ್ತರಿ ಒಂದೇ, ಕೈಯೂ ಒಂದೇ. ಬಟ್ಟೆ ಬೇರೆಯಾದರೆ ಅಂಗಿಯೂ ಬೇರೆಯಾಗುತ್ತದೆ. ಮುಖದ ಶಸ್ತ್ರವೈದ್ಯರ ಮಟ್ಟಿಗೂ ಇದೇ ಮಾತು ಸತ್ಯ.

ಹಾಗಾದರೆ ಈ ಬಟ್ಟೆ ಎಂಥದು? ವಯಸ್ಕರೊಬ್ಬರ ಚರ್ಮವನ್ನು ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟಾಗುತ್ತದೆ. ಆದರೆ ಅದರ ದಪ್ಪ ಎಲ್ಲೆಡೆ ಒಂದೇ ಅಲ್ಲ. ಕಣ್ಣಿನ ರೆಪ್ಪೆಯಲ್ಲಿ ಸುಮಾರು ಅರ್ಧ ಮಿಲಿಮೀಟರು, ಬೆನ್ನಿನ ಕೆಲವೆಡೆ ನಾಲ್ಕು ಮಿಲಿಮೀಟರಿನವರೆಗೆ. ಮೂಗನ್ನೇ ಮುಟ್ಟಿ ನೋಡಿ. ನಡುದಂಡೆಯ ಮೇಲೆ ಚರ್ಮ ತೆಳುವಾಗಿ ಸರಿದಾಡುತ್ತದೆ. ತುದಿಯಲ್ಲಿ ಎಣ್ಣೆಗ್ರಂಥಿಗಳು ತುಂಬಿ ದಪ್ಪವಾಗಿ, ಅಂಟಿಕೊಂಡಂತೆ ಇರುತ್ತದೆ. ಎರಡು ಅಂಗುಲದೊಳಗೆ ಎರಡು ಬಗೆಯ ಬಟ್ಟೆ!

ಚರ್ಮದ ಮೇಲಿನ ಪದರ ಹೊರಚರ್ಮ. ಮುಖದಲ್ಲಿ ಅದು ಕಾಗದದ ಹಾಳೆಯಷ್ಟು ತೆಳು. ಒಂದು ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ. ಅದರ ಕೆಳಗಿನದು ಒಳಚರ್ಮ. ಚರ್ಮದ ನಿಜವಾದ ಬಲ ಇರುವುದು ಇಲ್ಲಿ. ಇಲ್ಲಿ ಎರಡು ಬಗೆಯ ನಾರುಗಳು ಹೆಣೆದುಕೊಂಡಿವೆ. ಕೊಲ್ಯಾಜೆನ್ ಹಗ್ಗದಂಥದು, ಹರಿಯದಂತೆ ತಡೆಯುತ್ತದೆ. ಇಲಾಸ್ಟಿನ್ ರಬ್ಬರಿನಂಥದು, ಎಳೆದದ್ದನ್ನು ಹಿಂದಕ್ಕೆ ತರುತ್ತದೆ. ಮೊದಲ ಪ್ರಯೋಗದಲ್ಲಿ ನಿಮ್ಮ ಕೈಯ ಚರ್ಮ ತಟ್ಟನೆ ಕುಳಿತದ್ದು ಹೆಚ್ಚಾಗಿ ಈ ಇಲಾಸ್ಟಿನ್‌ನಿಂದ.

ಇಲ್ಲೊಂದು ಸಂಗತಿಯನ್ನು ಮನಸ್ಸಿನಲ್ಲಿಡಿ. ಹೊರಚರ್ಮದಂತೆ ಒಳಚರ್ಮ ಬೇಗ ಬೇಗ ಹೊಸದಾಗುವುದಿಲ್ಲ. ಚರ್ಮದ ಕೊಲ್ಯಾಜೆನ್‌ನಲ್ಲಿ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ನಿಮ್ಮಲ್ಲಿ ಅನೇಕರ ವಯಸ್ಸೇ ಅಷ್ಟು! ಇಲಾಸ್ಟಿನ್ ಬಹುಪಾಲು ಎಳವೆಯಲ್ಲಿಯೇ ಸಿದ್ಧವಾಗುತ್ತದೆ. ಅದು ಹಾಳಾದರೆ ಅದೇ ಗುಣದ್ದು ಮತ್ತೆ ಬರುವುದು ಕಷ್ಟ. ಆದ್ದರಿಂದ ಇಂದು ಆದ ಹಾನಿ ನಾಳೆ ಕಾಣುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ಕಾಣುತ್ತದೆ.

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋದ ಮೂಗು

ಮುಖದ ಶಸ್ತ್ರಚಿಕಿತ್ಸೆ ಸಿನಿಮಾದವರಿಗಾಗಿ ಹುಟ್ಟಿದ ವಿದ್ಯೆಯೆಂದು ನೀವು ಎಣಿಸಿದ್ದರೆ ಅದು ತಪ್ಪು. ಅದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರು ಸೀಮೆಯಲ್ಲಿಯೇ ಆರಂಭವಾಗುತ್ತದೆ. 1792ರ ಮೈಸೂರು ಯುದ್ಧದಲ್ಲಿ ಕಾವಸ್‌ಜಿ ಎಂಬ ಮರಾಠ ರೈತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸ ಮಾಡುತ್ತಿದ್ದ. ಸೆರೆ ಸಿಕ್ಕಿದ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿಕೊಂಡ. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕಸುಬಿನ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಈ ವರದಿ ಅಚ್ಚಾದದ್ದು ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ.

ಮೂಗು ಕಟ್ಟಿದ ಬಗೆ ಕೇಳಿ. ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು ಮಾಡಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗುರುತು ಹಾಕಿದ. ಆ ಗುರುತಿನಂತೆ ಹಣೆಯ ಚರ್ಮವನ್ನು ಬಿಡಿಸಿದ. ಆದರೆ ಪೂರ್ತಿ ಕತ್ತರಿಸಲಿಲ್ಲ! ಎರಡು ಕಣ್ಣುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡ. ಚರ್ಮವನ್ನು ತಿರುಚಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಅಂಚುಗಳ ಮೇಲೆ ನೀರಿನಲ್ಲಿ ಕಲಸಿದ ಕಾಚಿನ ಬಟ್ಟೆಪಟ್ಟಿ, ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ, ಹೊಸ ಮೂಗು ಹಿಡಿದುಕೊಂಡ ಮೇಲೆ, ಆ ಪಟ್ಟಿಯನ್ನು ಕತ್ತರಿಸಿದ.

ಆ ಪಟ್ಟಿಯನ್ನು ಉಳಿಸಿದ್ದೇಕೆ? ಹುಬ್ಬಿನ ಒಳತುದಿಯಿಂದ ಹಣೆಗೆ ಏರುವ ರಕ್ತನಾಳ ಅದರೊಳಗಿದೆ. ಹೊಸ ಜಾಗದಲ್ಲಿ ಬೇರು ಬಿಡುವ ತನಕ ಚರ್ಮಕ್ಕೆ ಹಳೆಯ ಮನೆಯಿಂದಲೇ ಊಟ ಬರಬೇಕು. ಹಣೆಯನ್ನೇ ಆರಿಸಿದ್ದೇಕೆ? ಹಣೆಯ ಚರ್ಮ ಗಟ್ಟಿ. ಅದರ ಬಣ್ಣ ಮತ್ತು ನಯ ಮೂಗಿನ ಚರ್ಮಕ್ಕೆ ಹತ್ತಿರ. ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ವಿಧಾನ ಹೇಳಿದೆ. ಮುಂದೆ ಹಣೆಯ ವಿಧಾನ ಭಾರತದಲ್ಲಿ ರೂಢಿಗೆ ಬಂತು. ಅಂದರೆ 'ಯಾವ ಚರ್ಮ?' ಎಂಬ ಪ್ರಶ್ನೆಯನ್ನು ನಮ್ಮವರು ಸೂಕ್ಷ್ಮದರ್ಶಕ ಬರುವ ಮೊದಲೇ ಕೇಳಿಕೊಂಡಿದ್ದರು.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಈ ವರದಿಯಿಂದ ಸ್ಫೂರ್ತಿ ಪಡೆದು 1814ರ ಅಕ್ಟೋಬರ್ 23ರಂದು ಹೀಗೆಯೇ ಒಬ್ಬ ಸೈನ್ಯಾಧಿಕಾರಿಗೆ ಮೂಗು ಕಟ್ಟಿ, 1816ರಲ್ಲಿ ಆ ಬಗ್ಗೆ ಪುಸ್ತಕ ಬರೆದ. ಯೂರೋಪಿನ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಮತ್ತೆ ಚಿಗುರಲು ಅದೊಂದು ಕಾರಣವಾಯಿತು. ಇಂದಿಗೂ ಅಪಘಾತದಲ್ಲೋ ಕಾಡಂಚಿನ ಊರುಗಳಲ್ಲಿ ಕರಡಿಯ ದಾಳಿಯಲ್ಲೋ ಮೂಗು ಕಳೆದುಕೊಂಡವರಿಗೆ ವೈದ್ಯರು ಹಣೆಯ ಚರ್ಮವನ್ನೇ ಬಳಸುವುದುಂಟು.

ಎಳೆದರೆ ನೆಟ್ಟಗಾಗುವುದೆ?

ಈಗ ಸುಕ್ಕಿನ ವಿಷಯಕ್ಕೆ ಬರೋಣ. ಕಳೆದುಹೋದ ಮೂಗನ್ನು ಕಟ್ಟುವುದು ಒಂದು, ಜೋತುಬಿದ್ದ ಕೆನ್ನೆಯನ್ನು ಎತ್ತುವುದು ಇನ್ನೊಂದು. ಎರಡನೆಯದಕ್ಕೆ 'ಫೇಸ್‌ಲಿಫ್ಟ್' ಎಂಬ ಹೆಸರನ್ನು ನೀವು ಕೇಳಿದ್ದೀರಿ. 1901ರಲ್ಲಿ ಬರ್ಲಿನ್ನಿನ ಯೂಜೆನ್ ಹೊಲಾಂಡರ್ ಇಂಥ ಚಿಕಿತ್ಸೆ ಮಾಡಿದ್ದಾಗಿ ಮುಂದೆ ಬರೆದಿದ್ದಾನೆ. ಆ ಕಾಲದ ಉಪಾಯ ಸರಳ. ಕಿವಿಯ ಹತ್ತಿರ, ಕೂದಲಂಚಿನಲ್ಲಿ ಚರ್ಮದ ತುಂಡನ್ನು ತೆಗೆದು, ಉಳಿದದ್ದನ್ನು ಎಳೆದು ಹೊಲಿಯುವುದು.

ಎಳೆದರೆ ನೆಟ್ಟಗಾಗುವುದು ನಿಜ. ಆದರೆ ಎಷ್ಟು ದಿನ? ಚರ್ಮಕ್ಕೆ ಒಂದು ಗುಣವಿದೆ. ಬಹಳ ಹೊತ್ತು ಬಿಗಿಯಾಗಿ ಎಳೆದು ಹಿಡಿದರೆ ಅದು ನಿಧಾನವಾಗಿ ಬಿಟ್ಟುಕೊಡುತ್ತದೆ. ಗರ್ಭಿಣಿಯರ ಹೊಟ್ಟೆ ಹಿಗ್ಗುವುದು ಈ ಗುಣದಿಂದಲೇ. ಹೊಟ್ಟೆಗೆ ವರವಾದದ್ದು ಕೆನ್ನೆಗೆ ಶಾಪವಾಯಿತು. ಎಳೆದ ಚರ್ಮ ಮತ್ತೆ ಸಡಿಲವಾಗುತ್ತಿತ್ತು. ಇನ್ನೂ ಒಂದು ಅಪಾಯವಿತ್ತು. ನಿಮ್ಮ ಉಗುರನ್ನು ಒತ್ತಿ ನೋಡಿ. ಕೆಂಪು ಹೋಗಿ ಬಿಳಿಚುತ್ತದೆ, ಅಲ್ಲವೆ? ಒತ್ತಡಕ್ಕೆ ರಕ್ತ ಹಿಂದೆ ಸರಿಯಿತು. ಬಿಗಿಯಾಗಿ ಹೊಲಿದ ಚರ್ಮದ ಅಂಚಿನಲ್ಲಿಯೂ ಹೀಗೆ ರಕ್ತ ಸಾಲದೆ ಚರ್ಮ ಸಾಯಬಹುದು, ಗಾಯದ ಕಲೆ ಅಗಲವಾಗಬಹುದು, ಕಿವಿಯ ಹಾಲೆ ಕೆಳಗೆ ಜಗ್ಗಿದಂತಾಗಬಹುದು.

ಇದಕ್ಕೆ ಪರಿಹಾರ ಸಿಕ್ಕಿದ್ದು ಚರ್ಮದ ಕೆಳಗೆ. ಮುಖ ಜೋಲುವುದು ಚರ್ಮವೊಂದರಿಂದಲೇ ಅಲ್ಲ. ಒಳಗಿನ ಕೊಬ್ಬು ಕರಗುತ್ತದೆ ಇಲ್ಲವೆ ಜಾರುತ್ತದೆ, ಮೂಳೆಯೂ ಸವೆಯುತ್ತದೆ. ಕೊಬ್ಬಿನ ಕೆಳಗೆ, ಮುಖದ ಸ್ನಾಯುಗಳನ್ನು ಹೊದ್ದುಕೊಂಡು ನಾರಿನ ಒಂದು ಹಾಳೆಯಿದೆ. ಸ್ವೀಡನ್ನಿನ ತೋರ್ಡ್ ಸ್ಕೂಗ್ 1974ರ ತನ್ನ ಪುಸ್ತಕದಲ್ಲಿ ಚರ್ಮವನ್ನೂ ಈ ಪದರವನ್ನೂ ಒಟ್ಟಿಗೆ ಎತ್ತುವ ವಿಧಾನ ವಿವರಿಸಿದ. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೊನಿ ಎಂಬ ವೈದ್ಯರು ಆ ಹಾಳೆಯ ರಚನೆಯನ್ನು ಸ್ಪಷ್ಟವಾಗಿ ವರ್ಣಿಸಿದರು. ಅಂದಿನಿಂದ ದಾರಿಯೇ ಬದಲಾಯಿತು. ಭಾರ ಹೊರುವುದು ಒಳಗಿನ ಹಾಳೆ. ಚರ್ಮವನ್ನು ಎಳೆಯದೆ, ಹಾಸಿಗೆಯ ಮೇಲೆ ಹೊದಿಕೆ ಹರಡಿದಂತೆ ಅದರ ಮೇಲೆ ಹರಡಿ, ಹೆಚ್ಚಾದದ್ದನ್ನು ಮಾತ್ರ ತೆಗೆಯುತ್ತಾರೆ. ಆದರೆ ಆ ಹಾಳೆಯ ಕೆಳಗೇ ನಗು, ಅಳು, ಕಣ್ಣು ಮುಚ್ಚುವಿಕೆಗೆ ಕಾರಣವಾದ ನರದ ಕವಲುಗಳು ಹಾದುಹೋಗುತ್ತವೆ. ಅಲ್ಲಿ ಕೈ ತಪ್ಪುವಂತಿಲ್ಲ.

ತೆಳುವಿಗೂ ಕಷ್ಟ, ದಪ್ಪಕ್ಕೂ ಕಷ್ಟ

ಹಾಗಾದರೆ ಚರ್ಮದ ಮಹತ್ವ ಕಡಿಮೆಯಾಯಿತೆ? ಇಲ್ಲ, ಹೊದಿಕೆ ಅದೇ ತಾನೆ! ತೆಳು ಚರ್ಮದವರಲ್ಲಿ ಗಾಯದ ಗೆರೆ ಸಾಮಾನ್ಯವಾಗಿ ನವಿರಾಗಿ ಮಾಯುತ್ತದೆ. ಆದರೆ ಒಳಗಿನ ಏರುತಗ್ಗು, ಹೊಲಿಗೆಯ ಗಂಟು ಹೊರಗೆ ಕಂಡೀತು. ಸವೆದ ತೆಳು ಚರ್ಮ ಬೇಗ ಮತ್ತೆ ಸಡಿಲಗೊಳ್ಳುತ್ತದೆ. ದಪ್ಪ ಚರ್ಮ ಒಳಗಿನ ಕೊರತೆಯನ್ನು ಮುಚ್ಚಿಕೊಳ್ಳುತ್ತದೆ. ಆದರೆ ಅದರ ಭಾರ ಹೆಚ್ಚು, ಊತ ಇಳಿಯುವುದು ತಡ, ಮೂಗಿನಿಂದ ಬಾಯಂಚಿಗೆ ಇಳಿಯುವ ಆಳದ ಗೆರೆಗಳು ಸುಲಭಕ್ಕೆ ಮಣಿಯುವುದಿಲ್ಲ. ಗಂಡಸರ ಕೆನ್ನೆಯಲ್ಲಿ ಗಡ್ಡದ ಬೇರುಗಳಿರುವುದರಿಂದ ಚರ್ಮ ದಪ್ಪ, ರಕ್ತಸಂಚಾರವೂ ಹೆಚ್ಚು. ಹೀಗಾಗಿ ಅವರಲ್ಲಿ ಚಿಕಿತ್ಸೆಯ ಬಳಿಕ ಚರ್ಮದಡಿ ರಕ್ತ ಕಟ್ಟಿಕೊಳ್ಳುವ ಸಂಭವ ಹೆಂಗಸರಿಗಿಂತ ಹೆಚ್ಚು.

ನಮ್ಮಂಥ ಕಂದು, ಕಪ್ಪು ಮೈಬಣ್ಣದವರ ಲೆಕ್ಕ ಇನ್ನೊಂದು ಬಗೆ. ಮೆಲನಿನ್ ಎಂಬ ಬಣ್ಣದ ವಸ್ತು ನಮ್ಮ ದೇಹ ತಾನೇ ಹಿಡಿದ ಕೊಡೆ. ಬಿಸಿಲನ್ನು ತಡೆಯುವುದರಿಂದ ಸಣ್ಣ ಸುಕ್ಕುಗಳು ನಮಗೆ ತಡವಾಗಿ ಬರುತ್ತವೆ. ಆದರೆ ಗಾಯವಾದ ಕಡೆ ಕಪ್ಪು ಕಲೆ ಉಳಿಯುವುದು, ಗಾಯದ ಗುರುತು ಉಬ್ಬಿ ಗಂಟಾಗುವುದು ಬಿಳಿಯರಿಗಿಂತ ನಮ್ಮಲ್ಲಿ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದವರನ್ನು ನೀವು ನೋಡಿರಬಹುದು. ಆದ್ದರಿಂದ ಪರದೇಶದ ಚಿತ್ರಗಳನ್ನು ತೋರಿಸಿ 'ಹೀಗೇ ಆಗಲಿ' ಎಂದರೆ ತಿಳಿದ ವೈದ್ಯರು ಮೊದಲು ನಿಮ್ಮ ಚರ್ಮವನ್ನು ಮುಟ್ಟಿ ನೋಡುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಶಸ್ತ್ರಚಿಕಿತ್ಸೆ ಚರ್ಮದ ಜಾಗವನ್ನು ಬದಲಿಸುತ್ತದೆ, ಗುಣವನ್ನಲ್ಲ. ಹಳೆಯ ಬಟ್ಟೆಗೆ ಇಸ್ತ್ರಿ ಹಾಕಿದರೆ ನೆಟ್ಟಗೆ ಕಾಣುತ್ತದೆ, ಹೊಸದಾಗುವುದಿಲ್ಲ. ಆ ಹುಡುಗಿಯ ಪ್ರಶ್ನೆಗೆ ನಾನು ಅಂದು ಕೊಡದ ಉತ್ತರ ಇದೇ. ವರ್ಷವಿಡೀ ನೆರಳಿನಲ್ಲಿ ದುಡಿದವರ ಮುಖಕ್ಕೂ, ಐವತ್ತು ವರ್ಷ ಅರಿಶಿನದ ಹೊಲದಲ್ಲಿ ಕಳೆ ಕಿತ್ತವರ ಮುಖಕ್ಕೂ ಒಂದೇ ಕೈ ಹೊಲಿಗೆ ಹಾಕಿದರೂ ಫಲ ಒಂದೇ ಆಗಲಾರದು. ಮೇಲಾಗಿ, ಅಂದಕ್ಕಾಗಿ ಮಾಡಿಸಿಕೊಳ್ಳುವ ಯಾವ ಶಸ್ತ್ರಚಿಕಿತ್ಸೆಯೂ ಆಟವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ನಮ್ಮ ಕ್ಷೇತ್ರದವರಿಗೆ ಆ ಸುದ್ದಿ ಮರೆಯುವಂಥದಲ್ಲ. 'ಚಂದ ಕಾಣು' ಎಂದು ಒತ್ತಾಯಿಸುವ ಪರದೆಯ ಹಿಂದೆ ನಾವೂ ನಿಂತಿದ್ದೇವೆ.

ಬಟ್ಟೆ ಹಾಳುಮಾಡುವ ಮೂರು

ಚರ್ಮದ ದಪ್ಪ ಹೆಚ್ಚಾಗಿ ಹುಟ್ಟಿನಿಂದ ಬಂದದ್ದು. ಗುಣವನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಮೊದಲನೆಯದು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ 'ಎ' ಬಗೆಯವು ಗಾಜನ್ನೂ ದಾಟಿ ಒಳಚರ್ಮ ತಲುಪಿ ನಾರುಗಳನ್ನು ಕತ್ತರಿಸುತ್ತವೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಸರಕು ಗಾಡಿ ಓಡಿಸಿದ 69 ವರ್ಷದ ಚಾಲಕನ ಚಿತ್ರ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪಗಟ್ಟಿ ಆಳವಾಗಿ ಸುಕ್ಕಾಗಿತ್ತು, ಬಲಗೆನ್ನೆ ಅಷ್ಟಾಗಿರಲಿಲ್ಲ. ಒಬ್ಬನೇ ಮನುಷ್ಯ, ಒಂದೇ ವಯಸ್ಸು, ಎರಡು ಮುಖ! ನಮ್ಮ ಲಾರಿ ಚಾಲಕರಿಗಾದರೆ ಕಿಟಕಿ ಬಲಕ್ಕೆ. ಹೊಲಕ್ಕೆ ಹೋಗುವವರು ತಲೆಗೆ ಟವೆಲ್ ಸುತ್ತುವುದು, ಸೆರಗು ಹೊದೆಯುವುದು ಬರೀ ರೂಢಿಯಲ್ಲ, ವಿಜ್ಞಾನವೂ ಹೌದು.

ಎರಡನೆಯದು ಬೀಡಿ, ಸಿಗರೇಟು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಫೇಸ್‌ಲಿಫ್ಟ್ ಮಾಡಿಸಿಕೊಂಡವರಲ್ಲಿ, ಧೂಮಪಾನಿಗಳ ಚರ್ಮದ ಅಂಚು ಸಾಯುವ ಸಂಭವ ಇತರರಿಗಿಂತ ಸುಮಾರು 12 ಪಟ್ಟು ಎಂದು 1984ರಲ್ಲಿ ಅಮೆರಿಕದ ಥಾಮಸ್ ರೀಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲೇ ಧೂಮಪಾನ ಬಿಡಬೇಕೆಂದು ವೈದ್ಯರು ಪಟ್ಟು ಹಿಡಿಯುವುದು ಇದಕ್ಕಾಗಿ.

ಮೂರನೆಯದನ್ನು ನನಗೆ ತೋರಿಸಿದವಳು ಅದೇ ವಿದ್ಯಾರ್ಥಿನಿ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, ಚೀಲದಿಂದ ಒಂದು ಪುಟ್ಟ ಟ್ಯೂಬು ತೆಗೆದು, "ಬೆಳ್ಳಗಾಯ್ತದ ಅಂತ ಹಚ್ಕತಾ ಇವ್ನಿ ಮೇಡಂ, ಈಗೀಗ ಬಿಸಿಲ್ಗೆ ಹೋದ್ರ ಉರೀತದ" ಎಂದಳು. ವೈದ್ಯರು ಕೊಟ್ಟದ್ದಲ್ಲ, ಅಂಗಡಿಯಲ್ಲಿ ಕೇಳಿ ತಂದದ್ದು. ಸಣ್ಣ ಅಕ್ಷರಗಳನ್ನು ಓದಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಮುಲಾಮು ಕೆಲವು ಚರ್ಮರೋಗಗಳಿಗೆ ಒಳ್ಳೆಯ ಔಷಧಿ, ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ. ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಅದು ಕೊಲ್ಯಾಜೆನ್ ತಯಾರಿಕೆಯನ್ನೇ ತಡೆಯುತ್ತದೆ. ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಉರಿ, ಮೊಡವೆ, ಕೆಲವರಿಗೆ ಕೂದಲೂ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಅವಳ ಕೈಗೆ ಅದು ಸಿಕ್ಕಿತ್ತು. ನೆನೆಯಿರಿ, ಹದಿನೇಳು ವರ್ಷದ ಹುಡುಗಿ, ಬಿಸಿಲಿಗೆ ಕೊಡೆ ಹಿಡಿಯುವ ತನ್ನ ಬಣ್ಣವನ್ನು ಅಳಿಸಲು ಹೋಗಿ, ತನ್ನ ಚರ್ಮವನ್ನೇ ತೆಳು ಮಾಡಿಕೊಳ್ಳುತ್ತಿದ್ದಳು.

ತಾನಾಗಿ ಒಮ್ಮೆಲೇ ನಿಲ್ಲಿಸಿದರೆ ಉರಿ, ಕೆಂಪು ಹೆಚ್ಚಾಗಬಹುದು. ಆದ್ದರಿಂದ ತಡಮಾಡದೆ ಟ್ಯೂಬಿನ ಸಮೇತ ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರನ್ನು ಕಾಣುವಂತೆ ಹೇಳಿದೆ. "ಅಜ್ಜೀನೂ ಕರ್ಕೊಂಡು ಹೋಗಮ್ಮ" ಎಂದೆ. "ಅಜ್ಜಿ ಬಯ್ತದ" ಎಂದು ನಕ್ಕಳು. ಹೋಗುತ್ತೇನೆ ಎಂದೂ ಹೇಳಿದಳು.

ಮಿತ್ರರೇ, ನಿಮಗೆ ಮನೆಗೆಲಸವಾಗಿ ಎರಡು ಸಂಗತಿ. ಮುಖಕ್ಕೆ ಹಚ್ಚುವ ಯಾವುದೇ ಟ್ಯೂಬು ಮನೆಯಲ್ಲಿದ್ದರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಇಂದೇ ಓದಿ. ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂಬ ಹೆಸರು ಕಂಡರೆ ವೈದ್ಯರನ್ನು ಕೇಳಿ. ಎರಡನೆಯದಾಗಿ, ಅಜ್ಜಿಯ ಕೈಯ ಪ್ರಯೋಗ ಮುಗಿಸಿದ ಮೇಲೆ ಅವರ ತೋಳಿನ ಒಳಭಾಗವನ್ನೂ, ಬಿಸಿಲು ಕಾಣದ ಆ ಜಾಗವನ್ನೂ, ಮುಟ್ಟಿ ನೋಡಿ. ಅಲ್ಲಿ ಚರ್ಮ ಎಷ್ಟು ನಯ! ಎರಡಕ್ಕೂ ವಯಸ್ಸು ಒಂದೇ. ಹಿಂಗೈಯ ಮೇಲಿನ ಸುಕ್ಕಿನಲ್ಲಿ ಬಹುಪಾಲು ವಯಸ್ಸಿನದಲ್ಲ, ಅವರು ಬಿಸಿಲಿನಲ್ಲಿ ನಿಂತು ದುಡಿದ ದಿನಗಳದು. ನಿಮ್ಮನ್ನು ಓದಿಸಿದ ದಿನಗಳೂ ಅವುಗಳಲ್ಲಿ ಸೇರಿವೆ.